ತಿರುಪಿನ ಮೇಲಿನ ಕುಂಕುಮ

ಕೊಲ್ಲಿ ನಾಡಿನ ಸೆಗಯಾ ಎಂಬ ಪೇಟೆಯ ಆ ಮನೆಯಲ್ಲಿ ಏಸಿಯ ನೀರಿಗಾಗಿ ದಿನಾ ಒಂದು ಜಗಳ ಆಗುತ್ತಿತ್ತು. ನಲ್ಲಿಯಲ್ಲಿ ಬರುವುದು ಉಪ್ಪು ನೀರು. ಅದರಲ್ಲಿ ಪಾತ್ರೆ ತೊಳೆದರೆ ಬಿಳಿ ಕಲೆ, ಕಬ್ಬಿಣ ಅದ್ದಿದರೆ ಮರುದಿನ ತುಕ್ಕು. ಏಸಿಯ ಹಿಂದಿನ ಕೊಳವೆಯಿಂದ ತೊಟ್ಟಿಕ್ಕುವ ನೀರಿಗೆ ಮಾತ್ರ ಉಪ್ಪಿರಲಿಲ್ಲ. ಬೇಸಗೆಯಲ್ಲಿ ಸಂಜೆಯೊಳಗೆ ಒಂದು ಬಕೆಟ್ ತುಂಬುತ್ತಿತ್ತು. ಅಮ್ಮನಿಗೆ ಅದು ಇಸ್ತ್ರಿಗೆ ಬೇಕು, ಹಾಲಿನಪುಡಿ ಡಬ್ಬಿಯಲ್ಲಿ ಬೆಳೆಸಿದ ತುಳಸಿಗೆ ಬೇಕು. ಅಪ್ಪನಿಗೆ ಹಿಂದಿನ ಕೋಣೆಯಲ್ಲಿ ಉಕ್ಕು ಮಸೆಯುವ ಗ್ರೈಂಡರ್ ಪಕ್ಕದ ಬೋಗುಣಿಗೆ ಬೇಕು. ಗ್ರೈಂಡರಿನ ತಿರುಗುವ ಕಲ್ಲಿಗೆ ಹಿಡಿದ ಉಕ್ಕು ಬಿಸಿಯಾದ ಕೂಡಲೇ ಅದನ್ನು ಆ ನೀರಿನಲ್ಲಿ ಅದ್ದಬೇಕು. ತಡವಾದರೆ ತುದಿ ನೀಲಿಯಾಗುತ್ತದೆ. ನೀಲಿಯಾದದ್ದನ್ನು ಅಪ್ಪ ಬೆಳಕಿಗೆ ಹಿಡಿದು, "ಇದು ಸತ್ತಿತು," ಎಂದು ಹೇಳಿ ಡಬ್ಬಿಗೆ ಎಸೆಯುತ್ತಿದ್ದರು. ಆ ಡಬ್ಬಿಯಲ್ಲಿ ಸತ್ತು ಬಿದ್ದದ್ದೆಲ್ಲ ಹೆಚ್ಚಾಗಿ ನನ್ನ ಕೈಯವು.

ಆ ಮನೆಯನ್ನು ನೆನಪು ಮಾಡಿಕೊಳ್ಳುವ ಆಸೆಯಿಂದ ನಾನು ಇದನ್ನು ಬರೆಯಲು ಕೂತಿಲ್ಲ. ಅಲ್ಲಿ ನಾನು ನನ್ನ ತಂಗಿ ರೇವತಿಗೆ ಒಂದು ಅನ್ಯಾಯ ಮಾಡಿದೆ. ಅಪ್ಪ ಬದುಕಿರುವ ತನಕ ಅದನ್ನು ಹೇಳಲಿಲ್ಲ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಕನ್ನಡ ಅಕ್ಷರ ಅಮ್ಮ ಕಲಿಸಿದ್ದು, ಊರಿನಿಂದ ಬಂದವರು ಮೀನಿನ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ತಂದ ಹಳೇ ವಾರಪತ್ರಿಕೆಗಳ ಹಾಳೆಗಳಿಂದ. ಮನೆಯಲ್ಲಿ ನಾವು ಆಡುತ್ತಿದ್ದದ್ದು ತುಳು. ಮಾತುಗಳನ್ನು ಇಲ್ಲಿ ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪು ಇದ್ದರೆ ಅದು ಬರವಣಿಗೆಯ ತಪ್ಪು ಮಾತ್ರ. ನಡೆದದ್ದರಲ್ಲಿ ನಾನು ಏನನ್ನೂ ಬದಲಿಸಿಲ್ಲ.

ಮನೆಯೆಂದರೆ ಕೆಳ ಅಂತಸ್ತಿನ ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಗಲ್ಲಿಗೆ ಬಾಗಿಲಿದ್ದ ಒಂದು ಉಗ್ರಾಣ. ಮೇಲಿನ ಮಹಡಿಯಲ್ಲಿ ಮನೆಯ ಮಾಲೀಕರು, ನಾವು ಹಾಜಿ ಎಂದು ಕರೆಯುತ್ತಿದ್ದ ಹಿರಿಯ ಅರಬರು, ತಮ್ಮ ಸಂಸಾರದ ಜೊತೆ ಇದ್ದರು. ಅಪ್ಪ ಹಗಲು ಒಂದು ಕಂಪನಿಯ ಟೂಲ್‌ರೂಮಿನಲ್ಲಿ ಕೆಲಸ ಮಾಡುತ್ತಿದ್ದರು. ಆ ಕಂಪನಿ ಗುಜರಿಗೆ ಹಾಕಿದ ಲೋಹ ಕೊರೆಯುವ ಒಂದು ಸಣ್ಣ ಮಿಲ್ಲಿಂಗ್ ಮೆಷಿನನ್ನು ಅಪ್ಪ ಕೊಂಡು ತಂದು, ಹಾಜಿಯ ಒಪ್ಪಿಗೆ ಪಡೆದು ಉಗ್ರಾಣದಲ್ಲಿ ಇಟ್ಟಿದ್ದರು. ಅದನ್ನು ಇಳಿಸಲು ಆರು ಜನ ಬಂದಿದ್ದರು. ಅವರಿಗೆಲ್ಲ ಅಮ್ಮ ಕುಚ್ಚಲಕ್ಕಿ ಅನ್ನ, ಶೇರಿ ಮೀನಿನ ಸಾರು ಬಡಿಸಿದ್ದು ನೆನಪಿದೆ. ಊಟ ಮಾಡುತ್ತಾ ಒಬ್ಬರು, "ಮಾರಾಯ್ರೇ, ಈ ಮೆಷಿನಿಗೆ ಮನೆಯಲ್ಲಿ ಒಂದು ಕೋಣೆ, ಮಕ್ಕಳಿಗೆ ಇಲ್ಲ!" ಎಂದರು. ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ನಾನೂ ರೇವತಿಯೂ ಹಾಲ್‌ನಲ್ಲಿ, ಫ್ರಿಜ್ಜಿನ ಎರಡು ಕಡೆ ಚಾಪೆ ಹಾಕಿ ಮಲಗುತ್ತಿದ್ದೆವು.

ಊರಿನಲ್ಲಿ ಅಪ್ಪನ ಸೋದರಮಾವ ಕೃಷಿಕರ ಲೈಸೆನ್ಸ್ ಕೋವಿಗಳನ್ನು ರಿಪೇರಿ ಮಾಡುತ್ತಿದ್ದವರು. ಅಪ್ಪ ಕೆಲಸ ಕಲಿತದ್ದು ಅವರ ಹತ್ತಿರ. ಅವರಿಂದ ಬಂದ ಒಂದು ಮಾತು ನಮ್ಮ ಮನೆಯಲ್ಲಿ ದಿನಾ ಕೇಳುತ್ತಿತ್ತು: ಕೆಲಸ ಮಾಡುವುದು ಮೆಷಿನ್ ಅಲ್ಲ, ಕಟ್ಟರ್. ಮೆಷಿನ್ ಎಷ್ಟು ದೊಡ್ಡದಿದ್ದರೂ, ಲೋಹವನ್ನು ಮುಟ್ಟುವುದು ಅದರ ತುದಿಯ ಒಂದು ಚೂರು ಉಕ್ಕು. ಆ ಚೂರನ್ನು ಅಪ್ಪ ಅಂಗಡಿಯಿಂದ ತರುತ್ತಿರಲಿಲ್ಲ. ಮುರಿದ ಡ್ರಿಲ್, ಸವೆದ ಕಟ್ಟರ್‌ಗಳ ದಂಟು, ಇವನ್ನೇ ಕಲ್ಲಿಗೆ ಹಿಡಿದು ಬೇಕಾದ ಆಕಾರಕ್ಕೆ ತರುತ್ತಿದ್ದರು. ಶುಕ್ರವಾರ ಬೆಳಿಗ್ಗೆ ಖುಬ್ಬೂಸ್ ರೊಟ್ಟಿ, ಬೇಳೆ ತಿಂದು ಅಪ್ಪ, ನಾನು, ರೇವತಿ ಮೂವರೂ ಉಗ್ರಾಣಕ್ಕೆ ಹೋದರೆ, ಮಧ್ಯಾಹ್ನದ ಜುಮ್ಮಾ ನಮಾಜಿನ ಬಾಂಗ್ ಆಗುವ ತನಕ ಅಲ್ಲೇ. ಅಪ್ಪ ಹೇಳಿಕೊಡುತ್ತಿದ್ದದ್ದು ಹೀಗೆ:

"ಬಾಯಿ ಮಾತ್ರ ತಾಗಬೇಕು. ಬೆನ್ನು ತಾಗಬಾರದು. ಬೆನ್ನು ತಾಗಿದರೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿಯಾಗ್ತದೆ. ಬಿಸಿಯಾದರೆ ಹಾರ್ತದೆ."

ಬಾಯಿಯೆಂದರೆ ಕಟ್ಟರಿನ ಹರಿತವಾದ ಅಂಚು. ಬೆನ್ನೆಂದರೆ ಅದರ ಹಿಂದಿನ ಭಾಗ. ಬೆನ್ನು ಸ್ವಲ್ಪ ಇಳಿಜಾರಾಗಿ ಕೆಳಗೆ ಹೋಗಬೇಕು. ಎಷ್ಟು ಇಳಿಜಾರು ಎಂಬುದಕ್ಕೆ ಅಪ್ಪ ಒಂದು ಹಿಡಿಕೆ ಮಾಡಿದ್ದರು. ಕಟ್ಟರನ್ನು ಅದರಲ್ಲಿ ಸಿಕ್ಕಿಸಿ, ಹಿತ್ತಾಳೆಯ ಬಿಲ್ಲೆಯ ಮೇಲೆ ಡಿಗ್ರಿ ನೋಡಿ, ತಿರುಪು ಬಿಗಿದರೆ ಆಯಿತು. ಆಮೇಲೆ ಎಷ್ಟು ಸಲ ಕಲ್ಲಿಗೆ ಒಯ್ದರೂ ಅದೇ ಇಳಿಜಾರು ಬರುತ್ತದೆ. ಬಿಲ್ಲೆಯ ಮೇಲಿನ ಇಂಗ್ಲಿಷ್ ಅಂಕಿಗಳನ್ನು ಅಪ್ಪನೇ ಕೆತ್ತಿದ್ದು. ಕೈಯ ಎಣ್ಣೆಗೂ ಬಟ್ಟೆಗೂ ಸವೆದು ಸವೆದು, ಒಂದೂ ಏಳೂ ಹತ್ತಿರ ಹತ್ತಿರ ಒಂದೇ ತರಹ ಕಾಣುತ್ತಿದ್ದವು. ಈ ಸಂಗತಿ ನಮ್ಮ ಮೂವರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಾನು ಎಂಟನೇ ಕ್ಲಾಸಿನಲ್ಲಿ ಎರಡು ಸಲ ಫೇಲಾದೆ. ಎರಡನೇ ಸಲ ಅಪ್ಪ ಬೈಯಲಿಲ್ಲ. ಊಟದ ತಟ್ಟೆ ಬದಿಗೆ ಸರಿಸಿ, "ಪುಸ್ತಕ ಹತ್ತದಿದ್ದರೆ ಬೇಡ. ಕೈ ಉಂಟಲ್ಲ," ಎಂದರು. ಅಂದಿನಿಂದ ಆ ಉಗ್ರಾಣ ನನ್ನದು ಎಂದು ನಾನು ನಂಬಿದೆ. ಶಾಲೆ ರೇವತಿಗೆ, ಮೆಷಿನ್ ನನಗೆ. ಹಾಗೆ ಯಾರೂ ಹೇಳಿರಲಿಲ್ಲ, ನಾನೇ ಪಾಲು ಮಾಡಿಕೊಂಡಿದ್ದೆ. ಆದರೆ ನನಗಿಂತ ಎರಡು ವರ್ಷ ಚಿಕ್ಕವಳಾದ ರೇವತಿ ಶಾಲೆಯಿಂದ ಬಂದವಳೇ ಚೀಲ ಎಸೆದು ಉಗ್ರಾಣಕ್ಕೆ ಬರುತ್ತಿದ್ದಳು. ನಾನು ಕಲ್ಲಿಗೆ ಹಿಡಿದಾಗ ಅವಳು ಹಿಂದೆ ನಿಂತು ಸದ್ದು ಕೇಳಿಯೇ, "ಅಣ್ಣ, ಒತ್ತಬೇಡ, ನೀಲಿಯಾಗ್ತದೆ," ಎನ್ನುತ್ತಿದ್ದಳು. ಆಗುತ್ತಿತ್ತು ಕೂಡ. ಅವಳು ಕಟ್ಟರಿನ ಬೆನ್ನಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, ಕಲ್ಲಿಗೆ ಒಂದು ಸಲ ತಾಗಿಸಿ, ಮಸಿ ಎಲ್ಲಿ ಹೋಯಿತು ಎಲ್ಲಿ ಉಳಿಯಿತು ಎಂದು ನೋಡಿ, ಮತ್ತೆ ಬಳಿದು, ಅರ್ಧ ಗಂಟೆ ಅದರಲ್ಲೇ ಕೂರುತ್ತಿದ್ದಳು. ಹರಿತವಾಯಿತೋ ಎಂದು ಹೆಬ್ಬೆರಳಿನ ಉಗುರಿಗೆ ತಾಗಿಸಿ ನೋಡುತ್ತಿದ್ದಳು. ಹರಿತವಿದ್ದರೆ ಉಗುರಿಗೆ ಕಚ್ಚುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಹದಿಮೂರು ವರ್ಷದವಳ ಉಗುರಿನ ತುಂಬ ಗೆರೆ. ಅಮ್ಮನಿಗೆ ಅದೇ ಚಿಂತೆ.

"ನಾಳೆ ನೋಡಲು ಬಂದವರು ಉಗುರು ನೋಡಿ ಎಂತ ಅಂತ ಕೇಳಿದರೆ?"

"ಉಗುರು ನೋಡಿ ಬೇಡ ಅನ್ನುವವ ನಮಗೂ ಬೇಡ," ಎಂದರು ಅಪ್ಪ.

"ಅಣ್ಣನ ಉಗುರು ನೋಡಿ ಅಮ್ಮ, ಹೊಸ ಮದುಮಗನ ಹಾಗೆ ಉಂಟು," ಎಂದು ರೇವತಿ ನಗುತ್ತಿದ್ದಳು. "ಅವನು ಹರಿತ ಮಾಡಿದ ಕಟ್ಟರಿನಲ್ಲಿ ಬೆಣ್ಣೆಯೂ ತುಂಡಾಗುವುದಿಲ್ಲ."

ನಾನೂ ನಗುತ್ತಿದ್ದೆ. ಒಳಗೆ ನನಗೆ ಏನಾಗುತ್ತಿತ್ತು ಎಂದು ಆಗ ಹೇಳಲು ಬರುತ್ತಿರಲಿಲ್ಲ. ಈಗ ಬರುತ್ತದೆ. ಅವಳಿಗೆ ಶಾಲೆ ಇದೆ, ಮಾರ್ಕಿದೆ, ಟೀಚರುಗಳ ಹೊಗಳಿಕೆ ಇದೆ. ನನಗೆ ಇರುವುದು ಇದೊಂದು ಕೋಣೆ. ಅದನ್ನೂ ಇವಳೇ ತೆಗೆದುಕೊಂಡರೆ ನಾನು ಎಲ್ಲಿಗೆ ಹೋಗಬೇಕು? ಇದು ನನ್ನ ಹೊಟ್ಟೆಕಿಚ್ಚಿನ ಕಾರಣ. ಕಾರಣ ಇದ್ದ ಮಾತ್ರಕ್ಕೆ ಮಾಡಿದ್ದು ಸರಿಯಾಗುವುದಿಲ್ಲ ಎಂದು ತಿಳಿಯುವಷ್ಟು ಬುದ್ಧಿ ಆಗಲೂ ಇತ್ತು.

ಆ ವರ್ಷ ನವರಾತ್ರಿಗೆ ಮೊದಲು ಹಾಜಿ ಒಂದು ಕೋವಿ ತಂದರು. ಅವರ ಅಜ್ಜನದು. ಉದ್ದ ನಳಿಗೆ, ತುದಿಯ ಹತ್ತಿರ ಬೆಳ್ಳಿಯ ತಂತಿ ಕೂರಿಸಿ ಅಜ್ಜನ ಹೆಸರು ಬರೆಸಿದ್ದರು. ಗುಂಡು ಹಾರಿಸುವ ಕೋವಿ ಅಲ್ಲ ಅದು. ನಳಿಗೆಯೊಳಗೆ ಸೀಸ ತುಂಬಿ ಮುಚ್ಚಿಸಿ, ಪೊಲೀಸರಿಂದ ಕಾಗದ ಮಾಡಿಸಿಯೇ ಅದನ್ನು ಮಜ್ಲಿಸ್‌ನ, ಅಂದರೆ ಬಂದವರನ್ನು ಕೂರಿಸುವ ಕೋಣೆಯ, ಗೋಡೆಗೆ ತೂಗುಹಾಕಿದ್ದರು. ಹೆಸರಿನ ಮುಂದೆ ಇದ್ದ ಗುರಿಕಣ್ಣು, ಒಂದು ಸಣ್ಣ ಹಿತ್ತಾಳೆಯ ತುಣುಕು, ಎಂದೋ ಬಿದ್ದುಹೋಗಿತ್ತು. ಅದನ್ನು ಕೂರಿಸುತ್ತಿದ್ದ ಗಾಡಿ, ಅಂದರೆ ನಳಿಗೆಯಲ್ಲಿ ಕೊರೆದ ತೋಡು, ತುಕ್ಕು ತಿಂದು ಹಾಳಾಗಿತ್ತು. ಹೊಸ ಗಾಡಿ ಕೊರೆದು ಹೊಸ ಕಣ್ಣು ಕೂರಿಸಬೇಕು.

"ಉಸ್ತಾದ್, ಯೇ ಮೇರೆ ದಾದಾ ಕಾ ನಾಮ್ ಹೈ," ಎಂದು ಹಾಜಿ ಆ ಬೆಳ್ಳಿಯ ಅಕ್ಷರಗಳ ಮೇಲೆ ಬೆರಳು ಓಡಿಸಿದರು. "ದೂಸರಾ ಕಿಸೀ ಕೋ ನಹೀ ದೇಗಾ. ಸಿರ್ಫ್ ತುಮ್." ಇದು ನನ್ನ ಅಜ್ಜನ ಹೆಸರು, ಬೇರೆ ಯಾರಿಗೂ ಕೊಡುವುದಿಲ್ಲ, ನಿನಗೆ ಮಾತ್ರ ಎಂದು.

ಅಪ್ಪ ಎರಡೂ ಕೈಯಲ್ಲಿ ಅದನ್ನು ಇಸಕೊಂಡರು. ಆ ಗಾಡಿ ಕೆಳಗೆ ಅಗಲ, ಮೇಲೆ ಕಿರಿದು. ಅದಕ್ಕೆ ಅಂಥದೇ ಓರೆಯ ಕಟ್ಟರ್ ಬೇಕು. ಅಪ್ಪ ಅದನ್ನು ರೇವತಿಯ ಕೈಯಲ್ಲಿ ಮಾಡಿಸಿದರು. ನಾನು ಒಂದು ಮಾಡಿದೆ, ಅವಳು ಒಂದು ಮಾಡಿದಳು. ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಅಪ್ಪ ನನ್ನದನ್ನು ಮೇಜಿನ ಮೇಲೆ ಇಟ್ಟರು, ಅವಳದನ್ನು ಕೈಯಲ್ಲಿ ಉಳಿಸಿಕೊಂಡರು.

ನಮ್ಮ ಮನೆಯ ಆಯುಧ ಪೂಜೆಗೆ ಅಪ್ಪನ ಸೋದರಮಾವನಿಂದ ಬಂದ ಕಟ್ಟುಪಾಡುಗಳಿದ್ದವು. ಪೂಜೆಯ ದಿನ ಮೆಷಿನ್, ಕಲ್ಲು, ಹಿಡಿಕೆ ಎಲ್ಲವನ್ನೂ ಒರೆಸಿ, ಗಂಧ ಕುಂಕುಮ ಇಟ್ಟು, ಚೆಂಡುಹೂ ಮುಡಿಸಿದ ಮೇಲೆ ಮರುದಿನ ಬೆಳಿಗ್ಗೆ ತನಕ ಯಾರೂ ಮುಟ್ಟಬಾರದು. ವಿಜಯದಶಮಿಯ ದಿನ ಮೊದಲ ಕೆಲಸ. ಅದು ನಿಜವಾದ ಕೆಲಸವೇ ಆಗಬೇಕು. ಬೇರೆ ದಿನಗಳಲ್ಲಿ ಅಪ್ಪ ಹೊಸ ಕಟ್ಟರನ್ನು ಮೊದಲು ಒಂದು ಬೇಡದ ಕಬ್ಬಿಣದ ತುಂಡಿನ ಮೇಲೆ ಓಡಿಸಿ ನೋಡದೆ ಬಿಡುತ್ತಿರಲಿಲ್ಲ. ಆ ಒಂದು ದಿನ ಮಾತ್ರ ಅದು ಇಲ್ಲ. ದೇವರಿಗೆ ಕೊಟ್ಟ ಆಯುಧದ ಮೊದಲ ಕೆಲಸ ಗುಜರಿಯ ಮೇಲೆ ಆಗಬಾರದು ಎನ್ನುತ್ತಿದ್ದರು. ಯಾರ ಕೈಯಲ್ಲಿ ಆ ಮೊದಲ ಕೆಲಸ ಮಾಡಿಸುತ್ತಾರೋ ಉಗ್ರಾಣದ ಬೀಗದಕೈ ಆ ವರ್ಷ ಅವರ ಹತ್ತಿರ. ಹಿಂದಿನ ವಿಜಯದಶಮಿಯಿಂದ ಅದು ನನ್ನ ಹತ್ತಿರ ಇತ್ತು. ಕುತ್ತಿಗೆಯ ದಾರಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದೆ.

ಪೂಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಪಾಯಸ ಬಡಿಸಿಕೊಳ್ಳುತ್ತಾ ಹೇಳಿದರು:

"ನಾಳೆ ಮೊದಲ ಕೆಲಸ ರೇವು ಮಾಡಲಿ. ಹಾಜಿಯ ಕೋವಿಯನ್ನೇ ಇಡುವ. ಕಟ್ಟರ್ ಅವಳದ್ದೇ ಅಲ್ಲವಾ. ಕೊನೆಯ ಒಂದು ಕೈ ಕಲ್ಲಿಗೆ ಹಿಡಿಯಲು ಬಾಕಿ ಉಂಟು. ಅದನ್ನೂ ನಾಳೆಯೇ ಹಿಡಿಯಲಿ."

"ಸದಾನಂದನ ಮುಖ ನೋಡಿ," ಎಂದರು ಅಮ್ಮ ಮೆಲ್ಲಗೆ.

"ಅವನಿಗೆಂತ? ಅವನು ಅಣ್ಣ. ಪಕ್ಕದಲ್ಲಿ ನಿಲ್ಲಲಿ. ಅಲ್ಲವಾ ಸದಾ?"

"ಹೌದಪ್ಪ," ಎಂದೆ.

ಪೂಜೆಗೆ ಮೊದಲೇ ರೇವತಿ ಹಿಡಿಕೆಯಲ್ಲಿ ಕಟ್ಟರ್ ಸಿಕ್ಕಿಸಿ ಬೇಕಾದ ಏಳು ಡಿಗ್ರಿಗೆ ಇಟ್ಟು ತಿರುಪು ಬಿಗಿದಿದ್ದಳು. ಅಪ್ಪ ಅದರ ಮೇಲೆ ಗಂಧ ಬಳಿದು ಕುಂಕುಮ ಇಟ್ಟಿದ್ದರು. ಸಂಜೆ ನಾಲ್ಕಕ್ಕೆ ಮೂವರೂ ದೇವಸ್ಥಾನಕ್ಕೆ ಹೊರಟರು. ಹೊಟ್ಟೆನೋವು ಎಂದು ನಾನು ಉಳಿದೆ. ಅಮ್ಮ ಓಮದ ನೀರು ಕುದಿಸಿ ಲೋಟದಲ್ಲಿ ಇಟ್ಟು ಹೋದರು. ಅವರು ಗಲ್ಲಿ ದಾಟಿದ ಮೇಲೆ ನಾನು ಕುತ್ತಿಗೆಯ ಬೀಗದಕೈಯಿಂದ ಉಗ್ರಾಣ ತೆಗೆದೆ. ಒಳಗೆ ಊದುಬತ್ತಿಯ ವಾಸನೆ. ಚಪ್ಪಲಿ ಹೊರಗೆ ಬಿಟ್ಟೆ. ಅಂಥ ಕೆಲಸಕ್ಕೆ ಹೋಗುವಾಗಲೂ ಚಪ್ಪಲಿ ಬಿಟ್ಟಿದ್ದೆ ಎಂಬುದು ನೆನಪಾದರೆ ಈಗಲೂ ಮೈ ಹಿಡಿಯಾಗುತ್ತದೆ. ಹಿಡಿಕೆಯ ತಿರುಪು ಸಡಿಲಿಸಿ, ಏಳರ ಗೆರೆಯಿಂದ ಒಂದರ ಗೆರೆಗೆ ತಂದು ಮತ್ತೆ ಬಿಗಿದೆ. ಎರಡಕ್ಕೆ ತರಬಹುದಿತ್ತು, ಮೂರಕ್ಕೆ ತರಬಹುದಿತ್ತು. ಒಂದನ್ನೇ ಆರಿಸಿದೆ, ಯಾಕೆಂದರೆ ಒಂದು ನೋಡಿದವರಿಗೆ ಅವಳು ಅದನ್ನು ಏಳೆಂದು ಓದಿ ತಪ್ಪಿದಳು ಎಂದೇ ಅನಿಸುತ್ತದೆ. ತಿರುಪಿನ ಕುಂಕುಮ ನನ್ನ ಬೆರಳಿಗೆ ಬಂದಿತ್ತು. ದೇವರ ಮುಂದಿನ ಬಟ್ಟಲಿನಿಂದ ಹೊಸ ಕುಂಕುಮ ತೆಗೆದು ಅದೇ ಜಾಗದಲ್ಲಿ, ಅಪ್ಪನ ಉಂಗುರ ಬೆರಳಿನ ಗುರುತಿನಷ್ಟೇ ದೊಡ್ಡದಾಗಿ, ಇಟ್ಟೆ. ಬಿಲ್ಲೆಯ ಮೇಲೆ ಗಂಧ ಸವರಿದೆ. ಹೂವು ಸರಿಮಾಡಿದೆ. ಬಂದು ಓಮದ ನೀರು ಕುಡಿದೆ.

ಅಪ್ಪನ ಮುಂದೆ ಅವಳು ಸ್ವಲ್ಪ ನಾಚಿಕೆಪಟ್ಟರೆ ಸಾಕು ಅಂದುಕೊಂಡಿದ್ದೆ ಎಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ಅದು ಸುಳ್ಳು. ಮರುದಿನ ಪರೀಕ್ಷೆಯ ತುಂಡು ಇರುವುದಿಲ್ಲ, ನೇರ ಹಾಜಿಯ ಅಜ್ಜನ ಹೆಸರಿನ ಪಕ್ಕಕ್ಕೇ ಕಟ್ಟರ್ ಇಳಿಯುತ್ತದೆ ಎಂದು ನನಗೆ ಗೊತ್ತಿತ್ತು.

ಬೆಳಿಗ್ಗೆ ಹಾಜಿ ತಮ್ಮ ಇಬ್ಬರು ತಮ್ಮಂದಿರನ್ನೂ ಕರೆದುಕೊಂಡು ಇಳಿದು ಬಂದರು. ಅಮ್ಮ ಸುಲೈಮಾನಿ ಚಹಾ ಕೊಟ್ಟರು. ರೇವತಿ ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದುಕೊಂಡಿದ್ದಳು, ಕೂದಲು ಮೆಷಿನಿಗೆ ಸಿಗಬಾರದೆಂದು. ಹಿಡಿಕೆಗೆ ಕೈ ಮುಗಿದು ಹೂವಿನ ಸಮೇತ ಎತ್ತಿ, ಕಲ್ಲಿಗೆ ಎರಡು ಸಲ ಹಿಡಿದು, ತಿರುಪು ಮುಟ್ಟದೆ ಕಟ್ಟರ್ ಮಾತ್ರ ಕಳಚಿ ಉಗುರಿಗೆ ತಾಗಿಸಿದಳು. ಕಚ್ಚಿತು. ಅಪ್ಪನೂ ತಮ್ಮ ಉಗುರಿಗೆ ತಾಗಿಸಿ ತಲೆಯಾಡಿಸಿದರು. ಬಾಯಿ ಹರಿತವಾಗಿಯೇ ಇತ್ತು. ಕೆಟ್ಟದ್ದು ಅದರ ಹಿಂದಿನ ಬೆನ್ನು, ಸಾಕಷ್ಟು ಇಳಿಜಾರಿಲ್ಲದ, ಕೂದಲೆಳೆಯಷ್ಟು ಅಗಲದ ಪಟ್ಟಿ. ಕನ್ನಡಕ ಹಾಕಿ ಬೆಳಕಿಗೆ ಹಿಡಿದಿದ್ದರೆ ಅಪ್ಪನಿಗೆ ಕಾಣುತ್ತಿತ್ತು. ಅವರ ಕನ್ನಡಕ ಜೇಬಿನಲ್ಲಿತ್ತು. ಬಂದವರಿಗೆ ಮಗಳನ್ನು ತೋರಿಸುವ ಸಂಭ್ರಮದಲ್ಲಿ ಅವರು ಅದನ್ನು ತೆಗೆಯಲಿಲ್ಲ.

"ಬಿಂತ್ ಉಸ್ತಾದ್!" ಎಂದು ಹಾಜಿಯ ತಮ್ಮ ನಕ್ಕರು. ಉಸ್ತಾದನ ಮಗಳು ಎಂದು.

ಮೆಷಿನ್ ತಿರುಗಿತು. ರೇವತಿ ಕೈಚಕ್ರ ತಿರುಗಿಸಿದಳು. ಮೊದಲು ಒಂದು ಕೀರಲು ಸದ್ದು ಬಂತು. ಅವಳು ತಟ್ಟನೆ ಅಪ್ಪನ ಕಡೆ ನೋಡಿದಳು. ಆ ಸದ್ದು ಸರಿಯಿಲ್ಲ ಎಂದು ಅವಳಿಗೆ ಅವರಿಗಿಂತ ಮೊದಲು ತಿಳಿಯಿತು, ನಾನು ನೋಡಿದೆ. "ಅಪ್ಪ..." ಎಂದು ಅವಳು ಚಕ್ರ ಹಿಂದೆ ತಿರುಗಿಸುವುದರೊಳಗೆ ಕಟ್ಟರ್ ಹಾರಿ ನಳಿಗೆಯನ್ನು ಕಚ್ಚಿ ಎಳೆಯಿತು. ಮರದ ಹಿಡಿತದಲ್ಲಿದ್ದ ನಳಿಗೆ ಜಾರಿತು. ಅಪ್ಪ ಮೆಷಿನ್ ನಿಲ್ಲಿಸಿದಾಗ ಬೆಳ್ಳಿಯ ಹೆಸರಿನ ಮಧ್ಯದಲ್ಲಿ ಒಂದು ಅಡ್ಡ ಗಾಯ ಇತ್ತು. ಎರಡು ಅಕ್ಷರ ಇರಲಿಲ್ಲ. ಬೆಳ್ಳಿಯ ತಂತಿ ಎದ್ದು ಬಂದು ಗಾಳಿಗೆ ಅಲ್ಲಾಡುತ್ತಿತ್ತು.

ಹಾಜಿ ಚಹಾದ ಲೋಟ ಕೆಳಗಿಟ್ಟರು. ಹತ್ತಿರ ಬಂದು ಬೆರಳಿನಿಂದ ಆ ತಂತಿಯನ್ನು ಮೆಲ್ಲಗೆ ಒತ್ತಿ ಮಲಗಿಸಲು ನೋಡಿದರು. ಅದು ಮತ್ತೆ ಎದ್ದಿತು. "ಮಾಲೇಶ್, ಮಾಲೇಶ್," ಎಂದರು, ಇರಲಿ ಬಿಡು ಎಂದು. ಕೋವಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೆ ಹೋದರು. ಚಹಾದ ಲೋಟಗಳು ಅರ್ಧ ತುಂಬಿ ಹಾಗೆಯೇ ಇದ್ದವು. ಅವರು ನಮ್ಮನ್ನು ಮನೆ ಬಿಡಿಸಲಿಲ್ಲ. ಆದರೆ ಪ್ರತಿ ಈದ್‌ಗೆ ಮೇಲಿನಿಂದ ಬರುತ್ತಿದ್ದ ಹರೀಸಿನ, ಗೋಧಿ ಮಾಂಸ ಬೇಯಿಸಿದ ಗಂಜಿಯ, ಪಾತ್ರೆ ಆ ವರ್ಷದಿಂದ ಬರಲಿಲ್ಲ, ಅಪ್ಪ ಮೆಟ್ಟಿಲಲ್ಲಿ ಅವರು ಎದುರಾದರೆ ತಲೆ ತಗ್ಗಿಸಿ ಗೋಡೆಗೆ ಸರಿಯುತ್ತಿದ್ದರು.

ಅವರು ಹೋದ ಮೇಲೆ ಅಪ್ಪ ಕನ್ನಡಕ ಹಾಕಿದರು. ಕಟ್ಟರ್ ನೋಡಿದರು. ಹಿಡಿಕೆ ಎತ್ತಿ ಬಿಲ್ಲೆಯ ಗಂಧವನ್ನು ಹೆಬ್ಬೆರಳಿನಿಂದ ಒರೆಸಿದರು.

"ಒಂದಕ್ಕೆ ಉಂಟು."

"ಏಳಕ್ಕೆ ಇಟ್ಟದ್ದು ಅಪ್ಪ."

"ಒಂದಕ್ಕೆ ಉಂಟು ರೇವು. ನೋಡು."

ಅವಳು ನೋಡಿದಳು. ಬಗ್ಗಿ ತುಂಬಾ ಹೊತ್ತು ನೋಡಿದಳು. "ನಾನು ಏಳು ಅಂತಲೇ..." ಎಂದಳು.

"ಕುಂಕುಮ ಹಾಗೆಯೇ ಉಂಟು. ಯಾರೂ ಮುಟ್ಟಿಲ್ಲ." ಅಪ್ಪ ನನ್ನ ಕಡೆ ತಿರುಗಿದರು. "ಸದಾ, ನೀನು ನಿನ್ನೆ ಬಾಗಿಲು ತೆಗೆದದ್ದುಂಟಾ?"

"ಇಲ್ಲ," ಎಂದೆ.

ಅಪ್ಪ ನಂಬಿದರು. ನಾನು ಸುಳ್ಳು ಹೇಳುತ್ತೇನೆ ಎಂದು ಸಂಶಯಪಡಲಿಲ್ಲ ಎಂಬುದಕ್ಕಿಂತ, ಪೂಜೆ ಮಾಡಿದ ತಿರುಪಿಗೆ ನಮ್ಮ ಮನೆಯಲ್ಲಿ ಹುಟ್ಟಿದವರು ಯಾರಾದರೂ ಕೈ ಹಾಕಿಯಾರು ಎಂದು ಅವರಿಗೆ ಹೊಳೆಯಲೇ ಇಲ್ಲ. ರೇವತಿಗೂ ಹೊಳೆಯಲಿಲ್ಲ. ಅವಳು ನನ್ನ ಮೇಲೆ ಸಂಶಯಪಟ್ಟು ಒಂದು ಮಾತು ಕೇಳಿದ್ದರೆ ನಾನು ಅಳುತ್ತಿದ್ದೆನೋ ಏನೋ. ಅವಳು ಕೇಳಿದ್ದು ತನ್ನನ್ನೇ.

"ಇನ್ನು ನೀನು ಓದು," ಎಂದರು ಅಪ್ಪ ಅವಳಿಗೆ. ಬೈಗುಳದ ದನಿ ಇರಲಿಲ್ಲ. "ಅಂಕಿ ಓದಲು ತಪ್ಪುವವರು ಈ ಕೋಣೆಗೆ ಬೇಡ. ಬೆರಳು ಹೋಗ್ತದೆ."

ಬೀಗದಕೈ ನನ್ನ ಕುತ್ತಿಗೆಯಲ್ಲೇ ಉಳಿಯಿತು. ರೇವತಿ ಒಂದು ವಾರ ಉಗ್ರಾಣದ ಬಾಗಿಲ ತನಕ ಬಂದು ಹೊಸ್ತಿಲ ಆಚೆ ನಿಲ್ಲುತ್ತಿದ್ದಳು. ಕಲ್ಲಿನ ಸದ್ದು ಬದಲಾದರೆ ಬಾಯಿ ತೆರೆಯುತ್ತಿದ್ದಳು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು. ಆಮೇಲೆ ಬರುವುದನ್ನೂ ಬಿಟ್ಟಳು. ಉಗುರಿನ ಗೆರೆಗಳು ಬೆಳೆದು ಹೋದವು. ಅಮ್ಮ ಅದನ್ನು ನೋಡಿ ಸಂತೋಷಪಟ್ಟರು. ಪಾಠ ಓದುವಾಗ ಅವಳು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಬಾಯಿಬಿಟ್ಟು ಹೇಳಿಕೊಳ್ಳಲು ಶುರುಮಾಡಿದ್ದು ಆಗಲೇ. ಫ್ರಿಜ್ಜಿನ ಆಚೆ ಕಡೆಯಿಂದ ನನಗೆ ಕೇಳುತ್ತಿತ್ತು. ಹದಿನೇಳು, ಹದಿನೇಳು. ಎಪ್ಪತ್ತೊಂದು, ಎಪ್ಪತ್ತೊಂದು. ನಾನು ದಿಂಬನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದೆ.

ಎಷ್ಟೋ ವರ್ಷದ ಮೇಲೆ ಅಪ್ಪ ಕೆಲಸ ಬಿಟ್ಟು ಊರಿಗೆ ಹೋದರು. ಅಲ್ಲೇ ತೀರಿಕೊಂಡರು. ಕೊನೆಯ ದಿನಗಳಲ್ಲಿ ನಾನು ರಜೆ ಹಾಕಿ ಹತ್ತಿರ ಇದ್ದೆ. ಹೇಳಬೇಕೆಂದು ಎರಡು ಸಲ ಮಂಚದ ಹತ್ತಿರ ಕುರ್ಚಿ ಎಳೆದು ಕೂತೆ. ಎರಡೂ ಸಲ ಅವರ ಕಾಲು ಒತ್ತಿ ಎದ್ದು ಬಂದೆ. ಒಮ್ಮೆ ಅವರೇ, "ರೇವುವಿನ ಕಿವಿ ಎಂಥ ಕಿವಿ! ಕಣ್ಣು ಮಾತ್ರ ಕೈ ಕೊಟ್ಟಿತು ಪಾಪ," ಎಂದರು. ಅದಕ್ಕೂ ನಾನು ಹೂಂ ಅಂದೆ.

ಈಗ ನಾನು ಸೆಗಯಾದಲ್ಲೇ ಬೇರೆ ಮನೆಯಲ್ಲಿ ಇದ್ದೇನೆ. ಗ್ಯಾರೇಜುಗಳ ಬೀದಿಯ ಒಂದು ವರ್ಕ್‌ಶಾಪಿನಲ್ಲಿ ಕಟ್ಟರ್‌ಗಳನ್ನು ಹರಿತ ಮಾಡುವುದು ನನ್ನ ಕೆಲಸ. ಸಾಧಾರಣ ಕೈ ನನ್ನದು, ಅನುಭವದಿಂದ ನಡೆಯುತ್ತದೆ. ರೇವತಿ ಇದೇ ದೇಶದ ಸನದ್ ಎಂಬಲ್ಲಿ ಇದ್ದಾಳೆ, ಒಂದು ಔಷಧಿ ಅಂಗಡಿಯಲ್ಲಿ ಕೆಲಸ. ಅವಳ ಗಂಡ ವೈರಿಂಗ್ ಕಂಟ್ರಾಕ್ಟರ್ ಹತ್ತಿರ ಸೂಪರ್‌ವೈಸರ್. ಶುಕ್ರವಾರ ಊಟಕ್ಕೆ ನಾನು ಅಲ್ಲಿಗೆ ಹೋಗುತ್ತೇನೆ. ಹೋದ ತಿಂಗಳು ಹೋದಾಗ ಅವಳ ಮಗಳು ದಿಯಾ, ಹನ್ನೆರಡು ವರ್ಷದವಳು, ಶಾಲೆಗೆ ಒಂದು ಮರದ ಸೇತುವೆ ಮಾಡುತ್ತಾ ನೆಲದಲ್ಲಿ ಕೂತಿದ್ದಳು. ಕೈಯಲ್ಲಿ ಅವಳ ಅಪ್ಪನ ಡ್ರಿಲ್. ಮರದ ಪಟ್ಟಿಗೆ ಪೆನ್ಸಿಲ್ ಗುರುತು ಹಾಕಿ, ಅಳೆದು, ಮತ್ತೆ ಅಳೆದು, ತೂತು ಹಾಕಲು ಹೊರಟಿದ್ದಳು. ರೇವತಿ ಅಡುಗೆಮನೆಯಿಂದ ಓಡಿ ಬಂದು ಡ್ರಿಲ್ ಕಸಿದುಕೊಂಡಳು.

"ಮಾಮನಿಗೆ ಕೊಡು. ನಮ್ಮ ಕೈ ನಂಬಲಿಕ್ಕಾಗುವುದಿಲ್ಲ ಅಂತ ಎಷ್ಟು ಸಲ ಹೇಳಿದ್ದೇನೆ ನಿನಗೆ?"

"ಅಮ್ಮ, ಐ ಮೆಶರ್ಡ್ ಇಟ್ ಟ್ವೈಸ್!"

"ಅಳೆದರೂ ಅಷ್ಟೆ. ನಾನೂ ಅಳೆದಿದ್ದೆ. ನನ್ನದೇ ಬುದ್ಧಿ ನಿನಗೂ ಬಂದದ್ದು. ಮಾಮ ಮಾಡಿ ಕೊಡ್ತಾನೆ."

ಡ್ರಿಲ್ ನನ್ನ ಕೈಗೆ ಬಂತು. ದಿಯಾ ಸಿಟ್ಟಿನಿಂದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳು ಹಾಕಿದ ಗುರುತುಗಳನ್ನು ನಾನು ನೋಡಿದೆ. ಒಂದೂ ತಪ್ಪಿರಲಿಲ್ಲ. ನನ್ನ ಸುಳ್ಳು ಆ ಉಗ್ರಾಣದಲ್ಲೇ ಉಳಿದಿದೆ ಎಂದುಕೊಂಡಿದ್ದೆ. ಅದು ಈ ಮನೆಗೂ ಬಂದು, ಏನೂ ಅರಿಯದ ಮಗುವಿನ ಕೈಯಿಂದ ಸಾಮಾನು ಕಸಿಯುತ್ತಿತ್ತು. ನಾನು ಅಡುಗೆಮನೆಗೆ ಹೋದೆ. ರೇವತಿ ಬಂಗುಡೆ ಹುರಿಯುತ್ತಿದ್ದಳು.

"ರೇವು, ಹಾಜಿಯ ಕೋವಿ... ಆ ತಿರುಪು ತಿರುಗಿಸಿದ್ದು ನಾನು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಹೊಟ್ಟೆನೋವು, ಬೀಗದಕೈ, ಕುಂಕುಮ, ಎಲ್ಲವನ್ನೂ. ಅವಳು ಒಲೆ ಆರಿಸಿ, ಗ್ಯಾಸಿನ ಗುಂಡಿಯನ್ನು ಅಭ್ಯಾಸದಂತೆ ಮೂರು ಸಲ ಮುಟ್ಟಿ ನೋಡಿ, ನಿಂತಳು.

"ಏಳಕ್ಕೇ ಇತ್ತಾ? ನೀನು ತೆಗೆಯುವಾಗ?"

"ಏಳಕ್ಕೇ ಇತ್ತು. ಗೆರೆಯ ಮೇಲೆಯೇ."

"ಗೆರೆಯ ಮೇಲೆ," ಎಂದಳು. ಒಂದು ನಿಮಿಷ ಅವಳ ಮುಖದಲ್ಲಿ ಬಂದದ್ದು ಸಂತೋಷವೇ. ಅದು ಇಳಿದ ಮೇಲೆ ಸಿಟ್ಟು ಬಂತು. "ಅಣ್ಣ, ಅಂಗಡಿಯಲ್ಲಿ ಒಂದೊಂದು ಮಾತ್ರೆಯ ಪಟ್ಟಿಯನ್ನು ನಾನು ನಾಲ್ಕು ಸಲ ಓದ್ತೇನೆ. ಜೊತೆಯವರು ನಗಾಡ್ತಾರೆ. ಅಪ್ಪನಿಗೆ ಯಾಕೆ ಹೇಳಲಿಲ್ಲ? ಸಾಯುವಾಗಲಾದರೂ?"

"ಹೆದರಿಕೆ."

"ಯಾರಿಗೆ? ಕಾಲು ಎತ್ತಲಿಕ್ಕಾಗದ ಮುದುಕನಿಗಾ?"

ಕ್ಷಮಿಸು ಎಂದೆ. ಅವಳು ಕೈ ಅಡ್ಡ ಮಾಡಿದಳು.

"ನನಗೆ ಅದು ಬೇಡ. ಇವತ್ತು ಅದು ಬರುವುದಿಲ್ಲ ನನಗೆ, ಹೇಳಿದರೆ ಸುಳ್ಳಾಗ್ತದೆ. ನೀನು ಹೋಗಿ ಅವಳಿಗೆ ಹೇಳು. ಹುಟ್ಟಿದಾಗಿನಿಂದ ಅವಳಿಗೆ ನಾನು ಇದನ್ನೇ ಕಲಿಸಿದ್ದು. ಹೋಗು."

ನಾನು ದಿಯಾಳ ಕೋಣೆಯ ಬಾಗಿಲು ತಟ್ಟಿದೆ. ಡ್ರಿಲ್ಲನ್ನು ಅವಳ ಹಾಸಿಗೆಯ ಮೇಲೆ ಇಟ್ಟು ನೆಲದಲ್ಲಿ ಕೂತೆ. ನನಗೆ ಬರುವ ಕನ್ನಡ, ಅವಳಿಗೆ ತಿಳಿಯುವ ಇಂಗ್ಲಿಷ್, ಎರಡನ್ನೂ ಸೇರಿಸಿ ಹೇಳಿದೆ. ರೇವತಿ ಬಾಗಿಲಿಗೆ ಬಂದು ಹೊಸ್ತಿಲ ಆಚೆ ನಿಂತಿದ್ದಳು. ಮುಗಿದ ಮೇಲೆ ದಿಯಾ ಅಮ್ಮನನ್ನು ಒಮ್ಮೆ ನೋಡಿ, ನನ್ನನ್ನು ಕೇಳಿದಳು:

"ಬಟ್ ವೈ, ಮಾಮ? ಯಾಕೆ ಹಾಗೆ ಮಾಡಿದ್ದು?"

ಕಾರಣಗಳು ಬಾಯಿಯ ತುದಿಗೆ ಬಂದವು. ಶಾಲೆ ಬಿಟ್ಟದ್ದು, ಚಿಕ್ಕ ವಯಸ್ಸು, ಬೀಗದಕೈ. ಅವು ಯಾವುದನ್ನೂ ಹೇಳಲಿಲ್ಲ.

"ನಿನ್ನ ಅಮ್ಮನ ಕೈ ನನ್ನ ಕೈಗಿಂತ ಒಳ್ಳೆಯದಿತ್ತು. ಅದಕ್ಕೆ."

ಬಾಗಿಲ ಕಡೆಯಿಂದ ರೇವತಿ, "ಇನ್ನೊಮ್ಮೆ ಹೇಳು," ಎಂದಳು. "ಅವಳಿಗೆ ಸರಿ ಕೇಳಲಿಲ್ಲ."

ದಿಯಾಳಿಗೆ ಸರಿಯಾಗಿಯೇ ಕೇಳಿತ್ತು. ನಾನು ಇನ್ನೊಮ್ಮೆ ಹೇಳಿದೆ.